ಜಾರು ತೊಳೆದ ನೀರು

ನಮ್ಮ ಮನೆಯ ಮಿಕ್ಸಿ ಒಂದು ದಿನವೂ ಅಡುಗೆಮನೆಯಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಬಲ್ಬು. ಪ್ಲಗ್ ಚುಚ್ಚುವ ಜಾಗ ಇದ್ದದ್ದು ಪಡಸಾಲೆಯಲ್ಲಿ, ಅದೂ ಅಪ್ಪನ ಮಗ್ಗದ ಪಕ್ಕದ ಗೋಡೆಯಲ್ಲಿ, ರೇಡಿಯೊಗೆಂದು ಹಾಕಿಸಿದ್ದು. ಕಂಬಳಿ ನೇಯುವ ಮಗ್ಗಕ್ಕೆ ನೆಲದಲ್ಲಿ ಗುಂಡಿ ತೋಡಿರುತ್ತಾರೆ, ನೇಯುವವನು ಅದರಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂರುತ್ತಾನೆ. ಹಾಗೆ ಕೂತ ಅಪ್ಪನ ಕಿವಿಯೂ ಸ್ಟೂಲಿನ ಮೇಲಿಟ್ಟ ಮಿಕ್ಸಿಯೂ ಒಂದೇ ಎತ್ತರ. ಅವ್ವ ಮಿಕ್ಸಿ ಹಾಕಿದಾಗಲೆಲ್ಲ ಅಪ್ಪ ಲಾಳಿ ಕೆಳಗಿಟ್ಟು, ಎರಡೂ ಕಿವಿ ಮುಚ್ಚಿಕೊಂಡು, ಎದುರು ಗೋಡೆ ನೋಡುತ್ತಾ ಕೂರುತ್ತಿದ್ದ. ಅವ್ವನಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ, ಹಾಗೆಂದು ಅದು ತಾಳ್ಮೆಯೂ ಅಲ್ಲ. ನಮ್ಮ ಅಪ್ಪ ಯಾವುದಕ್ಕೂ ಮಾತಾಡುತ್ತಿರಲಿಲ್ಲ. ಮಗ್ಗದ ಸುತ್ತ ಹಾರುವ ಉಣ್ಣೆಯ ಎಳೆ ಚಟ್ನಿಗೆ ಬೀಳುತ್ತಿತ್ತು. ಊಟದಲ್ಲಿ ಕೂದಲು ಸಿಕ್ಕರೆ ಬೇರೆಯವರ ಮನೆಯಲ್ಲಿ ಜಗಳವಾಗುತ್ತದೆ. ನಾವು ಎಳೆಯನ್ನು ತಟ್ಟೆಯ ಅಂಚಿಗೆ ಒರೆಸಿ ಮುದ್ದೆ ಮುರಿಯುತ್ತಿದ್ದೆವು.

ನಮ್ಮದು ಮತ್ತೋಡಿನ ಹತ್ತಿರದ ಊರು. ಕುರಿ ಕಾಯುವುದು, ಉಣ್ಣೆ ನೂಲುವುದು, ಕಂಬಳಿ ನೇಯುವುದು, ಮಳೆ ಬಂದರೆ ಒಂದಿಷ್ಟು ರಾಗಿ, ಶೇಂಗಾ. ಅವ್ವನ ತವರು ಹಿರಿಯೂರು ಕಡೆಯ ಜವನಗೊಂಡನಹಳ್ಳಿ. ಅವ್ವನ ಅಣ್ಣ ಒಂದು ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಈ ಮಿಕ್ಸಿಯನ್ನು ಎರಡು ಬಸ್ಸು ಬದಲಾಯಿಸಿ ತೊಡೆಯ ಮೇಲಿಟ್ಟುಕೊಂಡು ತಂದ. ಅಜ್ಜಿ, ಅಂದರೆ ಅಪ್ಪನ ತಾಯಿ, ಪೆಟ್ಟಿಗೆಯನ್ನು ಸುತ್ತು ಬಂದು ನೋಡಿದಳು.

"ಬಾಗಿನಕ್ಕೆ ಸೀರೆ ತರಾದು ಕಂಡಿದ್ದೆ ಕಣಪ್ಪ. ಇದನ್ನ ಇವ್ಳು ಉಟ್ಕಂತಾಳೇನು?"

"ಕೈ ನೋವು ತಪ್ತತೆ ಅತ್ತೆಮ್ಮ," ಅಂದ ಮಾವ.

"ಯಾರ ಕೈದು?"

ಮಾವ ಲೋಟ ಎತ್ತಿ ನೀರು ಕುಡಿದ.

ಒಂದು ತಿಂಗಳೊಳಗೆ ಆ ಮಿಕ್ಸಿಗೆ ನಮ್ಮ ಮನೆಯವರು ಹುಡುಕಿದ ಉಪಯೋಗಗಳನ್ನು ಅದನ್ನು ಮಾಡಿದವರು ಕನಸಿನಲ್ಲೂ ಕಂಡಿರಲಾರರು. ಅವ್ವ ಚಟ್ನಿ, ಸಾರಿನ ಖಾರ, ದೋಸೆ ಹಿಟ್ಟು ಇಷ್ಟಕ್ಕೆ ತೃಪ್ತಳಾಗಿದ್ದಳು. ಕುರಿ ಮಂದೆ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ಹೊಟ್ಟೆ ಉಬ್ಬರಿಸಿದ ಕುರಿಗೆ ಕುಡಿಸಲು ಬೆಳ್ಳುಳ್ಳಿ, ಓಂಕಾಳು, ಶುಂಠಿ, ಇನ್ನೂ ಎಂಥದೋ ಬೇರು ತಂದು ರುಬ್ಬಿಸಿಕೊಂಡ. ಎಂಟು ದಿನ ನಮ್ಮ ಚಟ್ನಿ, ಮಜ್ಜಿಗೆ ಎಲ್ಲ ಕುರಿ ಔಷಧಿಯ ವಾಸನೆ ಹೊಡೆಯಿತು. ಅಪ್ಪ ಯಾರೂ ಇಲ್ಲದ ಹೊತ್ತಿನಲ್ಲಿ ಒಂದು ಹಿಡಿ ಉಣ್ಣೆ ಹಾಕಿ ತಿರುಗಿಸಿ, ಬಿಲ್ಲಿನಿಂದ ಹಿಂಜುವ ಕೆಲಸ ಇದರಲ್ಲೇ ಮುಗಿಯುವುದೋ ಎಂದು ನೋಡಿದ. ಉಣ್ಣೆ ಬ್ಲೇಡಿಗೆ ಸುತ್ತಿಕೊಂಡು ಮಿಕ್ಸಿ ಹೊಗೆ ಬಿಟ್ಟಿತು. ಅದನ್ನು ಬಿಡಿಸಲು ಅವ್ವನಿಗೆ ಒಂದು ಹೊತ್ತು ಹಿಡಿಯಿತು, ಸೂಜಿಯಲ್ಲಿ. ಮಿಕ್ಸಿಯನ್ನು ಅಷ್ಟು ಹಂಗಿಸುತ್ತಿದ್ದ ಅಜ್ಜಿಯೇ, ಹಲ್ಲು ಬಿದ್ದಿದ್ದರಿಂದ ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದ ಎಲೆಯಡಿಕೆಯನ್ನು ಒಮ್ಮೆ ಸಣ್ಣ ಜಾರಿಗೆ ಹಾಕಿಸಿದಳು. ಬಂದದ್ದು ಕೆಂಪು ಕೆಸರು. ಅದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡು, ಪರವಾಗಿಲ್ಲ ಎನ್ನುವ ಮುಖ ಮಾಡಿ, ಮತ್ತೆಂದೂ ಕೇಳಲಿಲ್ಲ. ಸೀಗೆಕಾಯಿ, ಹಲ್ಲುಪುಡಿಯ ಇದ್ದಿಲು, ಬೆಣ್ಣೆ ತೆಗೆಯುವ ಕೆನೆ, ಪಕ್ಕದ ಮನೆಯ ಬಾಣಂತಿಯ ಖಾರ, ಎಲ್ಲವೂ ಆ ಮೂರು ಜಾರುಗಳಲ್ಲಿ ಸುತ್ತಿ ಬಂದವು.

ಯಾವ ಜಾರಿಗೆ ಯಾವುದು ಎಂಬ ಕಟ್ಟಳೆ ಅವ್ವನದು. ಅಜ್ಜಿ ಮಾಡಿದ ಕಟ್ಟಳೆ ಒಂದೇ: ಜಾರು ತೊಳೆದ ನೀರನ್ನು ಚೆಲ್ಲುವ ಹಾಗಿಲ್ಲ. ಚಟ್ನಿ ತೆಗೆದ ಮೇಲೆ ಜಾರಿನ ಒಳಗೋಡೆಗೆ ಅಂಟಿದ್ದಕ್ಕೆ ಒಂದು ಲೋಟ ನೀರು ಹಾಕಿ, ಮುಚ್ಚಳ ಹಿಡಿದು ಅಲ್ಲಾಡಿಸಿ, ಆ ನೀರನ್ನು ಚಟ್ನಿಗೋ ಸಾರಿಗೋ ಸೇರಿಸಬೇಕು. ಒರಳುಕಲ್ಲಿನ ಕಾಲದಿಂದ ಬಂದ ಪದ್ಧತಿ ಅದು. ಕಲ್ಲು ತೊಳೆದ ನೀರಿನಲ್ಲಿ ಅರ್ಧ ಸಾರು ಇರುತ್ತದೆ ಎಂದು ಅಜ್ಜಿಯ ಲೆಕ್ಕ. ಮನೆಯಲ್ಲಿ ಯಾರೇ ನೀರು ಚೆಲ್ಲಿದ ಸದ್ದು ಕೇಳಿದರೂ ಅಂಗಳದಿಂದಲೇ ಕೇಳುತ್ತಿದ್ದಳು.

"ಏನದು ಚೆಲ್ಲಿದ್ದು?"

ಹೊಳಲ್ಕೆರೆಯ ನನ್ನ ಈಗಿನ ಅಡುಗೆಮನೆಯಲ್ಲಿ ಮೂರು ಪ್ಲಗ್ ಇವೆ. ನಾನು ಈಗಲೂ ಚೆಲ್ಲುವುದಿಲ್ಲ. ನನ್ನ ಕೈ ಅದನ್ನು ನನ್ನನ್ನು ಕೇಳಿ ಮಾಡುವುದಿಲ್ಲ, ತಾನೇ ಮಾಡುತ್ತದೆ. ಹತ್ತು ವರ್ಷದ ಹುಡುಗಿಯಾಗಿದ್ದಾಗಲೂ ಹಾಗೆಯೇ ಮಾಡುತ್ತಿತ್ತು ಎಂಬುದು ಈ ಅಧ್ಯಾಯಕ್ಕೆ ಬೇಕಾದ ಸಂಗತಿ.

ಇನ್ನು ಹುಣಸೆ ಬೀಜದ ವಿಷಯ ಹೇಳಬೇಕು. ಕಂಬಳಿಯ ನೂಲು ಒರಟು, ಹಾಗೇ ಮಗ್ಗಕ್ಕೆ ಹಾಕಿದರೆ ಪಟಪಟನೆ ಕಡಿಯುತ್ತದೆ. ಅದಕ್ಕೆ ಮೊದಲು ಹಾಸಿನ ನೂಲನ್ನು, ಅಂದರೆ ಕಂಬಳಿಯ ಉದ್ದಕ್ಕೆ ಬರುವ ಎಳೆಗಳನ್ನು, ಬೀದಿಯುದ್ದಕ್ಕೂ ಗೂಟಗಳಿಗೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಬಳಿದು ಒಣಗಿಸುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೀರಲ್ಲಿ ನೆನೆಹಾಕಿ, ಕಲ್ಲಿನಲ್ಲಿ ನುಣ್ಣಗೆ ರುಬ್ಬಿ, ಕುದಿಸಿದರೆ ಆ ಗಂಜಿ. ಇದರಲ್ಲಿ ರುಬ್ಬುವುದೇ ಕಷ್ಟ. ಮೊದಲು ಅಜ್ಜಿ ರುಬ್ಬುತ್ತಿದ್ದಳು, ಅವಳ ಭುಜ ಹಿಡಿದುಕೊಂಡ ಮೇಲೆ ಅದು ಅವ್ವನ ಪಾಲಿಗೆ ಬಂತು. ಮನೆಯ ಅಡುಗೆ ಮುಗಿಸಿ ಒರಳಿನ ಮುಂದೆ ಕೂತರೆ ಏಳುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಮಿಕ್ಸಿ ಬಂದ ಮೇಲೆ ಅವ್ವ ಬೀಜವನ್ನು ಎರಡು ದಿನ ನೆನೆಸಿ, ಕುಟ್ಟಿ ಚೂರು ಮಾಡಿ, ದೊಡ್ಡ ಜಾರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸುವುದನ್ನು ಕಲಿತಳು. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಗಂಜಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ ಅಜ್ಜಿ ನೇರ ಕುಂಚ ಕೈಗೆತ್ತಿಕೊಂಡಳು. ಅದು ಮೆಚ್ಚುಗೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಉಳಿದ ಆ ಹೊತ್ತಿಗೆ ಅವ್ವನಿಗೆ ಒಂದು ಜಾಗ ಸಿಕ್ಕಿತು. ಊರಿನ ಅಂಗನವಾಡಿಯ ಸಹಾಯಕಿ ಕೆಲಸ ಬಿಟ್ಟಿದ್ದಳು. ಟೀಚರಮ್ಮ ಸಾವಿತ್ರಮ್ಮ ಅವ್ವನನ್ನು ಕೇಳಿದರು. ದೀಪಾವಳಿ ತನಕ ಬಂದು ಮಾಡು, ಹೊಂದಿಕೊಂಡರೆ ನಿನ್ನ ಹೆಸರನ್ನೇ ಬರೆದು ಕಳಿಸುತ್ತೇನೆ, ಆದರೆ ಒಂಬತ್ತೂವರೆಗೆ ಬಾಗಿಲು ತೆಗೆದಿರಬೇಕು ಎಂದರು. ಅವ್ವ ಏಳನೇ ತರಗತಿ ಪಾಸಾದವಳು. ಅದನ್ನು ಅವಳು ಎಂದೂ ಹೇಳಿಕೊಂಡದ್ದಿಲ್ಲ, ಆದರೆ ಆ ಸರ್ಟಿಫಿಕೇಟು ಸೀರೆಗಳ ಮಡಿಕೆಯ ನಡುವೆ ಇತ್ತು. ಕೇಳಿದ ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಅಜ್ಜಿಯ ಮುಂದೆ ವಿಷಯ ಇಟ್ಟಳು.

"ಹೋಗ್ಲಾ ಅತ್ತೆ?"

ಅಜ್ಜಿ ನೂಲು ತೆಗೆಯುತ್ತಲೇ ಹೇಳಿದಳು.

"ಹೋಗು. ಗಂಜಿಗೆ ಮಾತ್ರ ತೊಂದ್ರೆ ಆಗ್ಬಾರ್ದು. ಮಗ್ಗ ಒಂದಿನ ನಿಂತ್ರೂ ನಿನ್ ಅಂಗನವಾಡಿ ಅವತ್ತಿಗೆ ಮುಗೀತು."

"ಆಗಲ್ಲ ಅತ್ತೆ."

ಅಂದಿನಿಂದ ಅವ್ವ ಬೇರೆ ಹೆಂಗಸಾದಳು ಎಂದರೆ ಹೆಚ್ಚಾಗುತ್ತದೆ. ಬೆಳಿಗ್ಗೆ ತಲೆ ಬಾಚಿಕೊಳ್ಳಲು ಶುರು ಮಾಡಿದಳು, ಅಷ್ಟೇ. ಹಿಂದೆ ಸಂಜೆ ಬಾಚಿಕೊಳ್ಳುತ್ತಿದ್ದಳು. ಹೋಗುವಾಗ ದಾರಿಯ ಮನೆಗಳಿಂದ ಮಕ್ಕಳನ್ನು ಕೂಡಿಸಿಕೊಂಡು ಹೋಗುತ್ತಿದ್ದಳು, ಮಧ್ಯಾಹ್ನ ಬರುವಾಗ ಅಲ್ಲಿ ಕಲಿತ ಹಾಡನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ಬರುತ್ತಿದ್ದಳು. ನಾನು ಅವಳ ಹಾಡು ಮೊದಲ ಸಲ ಕೇಳಿದ್ದು ಆಗ. ನನಗೆ ಖುಷಿಯಾಗಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ನನಗೆ ಹೇಳಿಕೊಡದ ಹಾಡುಗಳನ್ನು ಊರ ಮಕ್ಕಳಿಗೆ ಹೇಳಿಕೊಡುತ್ತಿದ್ದಳಲ್ಲ.

ನಮ್ಮೂರಿಗೆ ಆಗ ಕರೆಂಟು ಒಂದು ವಾರ ಬೆಳಿಗ್ಗೆ ಆರಕ್ಕೆ ಬರುತ್ತಿತ್ತು, ಮುಂದಿನ ವಾರ ಹತ್ತಕ್ಕೆ. ಆರರ ವಾರದಲ್ಲಿ ಅವ್ವನಿಗೆ ತೊಂದರೆ ಇರಲಿಲ್ಲ. ಹತ್ತರ ವಾರ ಬಂದಾಗ ದಸರಾ ರಜೆ ಇತ್ತು, ನಾನು ಮನೆಯಲ್ಲಿದ್ದೆ. ಅಪ್ಪ ಸಂತೆಗೆಂದು ಹೊಸದುರ್ಗಕ್ಕೆ ಹೋಗಿದ್ದ, ಅಜ್ಜಿ ಉಣ್ಣೆ ತರಲು ಮಂದೆಯ ಹತ್ತಿರ ಹೋಗಿದ್ದಳು. ಅವ್ವ ನೆನೆದ ಬೀಜದ ಪಾತ್ರೆಯನ್ನು ಮಿಕ್ಸಿಯ ಪಕ್ಕ ಇಟ್ಟು ಹೇಳಿದಳು.

"ಕರೆಂಟು ಬಂದ ತಕ್ಷಣ ರುಬ್ಬಿ ಈ ಪಾತ್ರೆಗೇ ಹಾಕು. ನಿಲ್ಸಿ ನಿಲ್ಸಿ ತಿರುಗ್ಸು. ದೊಡ್ಡ ಜಾರಲ್ಲಿ ಬ್ಯಾರೆ ಏನೂ ಹಾಕ್ಬ್ಯಾಡ, ಗೊತ್ತಾತಾ?"

ಗೊತ್ತಾಯಿತು ಎಂದೆ. ಕರೆಂಟು ಬಂತು. ರುಬ್ಬಿದೆ, ಚೆನ್ನಾಗಿಯೇ ರುಬ್ಬಿದೆ, ಪಾತ್ರೆಗೆ ಹಾಕಿದೆ. ಆಮೇಲೆ ಮನೆಯಲ್ಲಿ ನಾನೊಬ್ಬಳೇ, ಮಿಕ್ಸಿ, ಕರೆಂಟು. ಮೂಲೆಯಲ್ಲಿ ಹೊಸ ಶೇಂಗಾದ ಚೀಲ. ಸುಲಿದು ಬಾಣಲೆಯಲ್ಲಿ ಹುರಿದೆ, ದೊಡ್ಡ ಜಾರಿಗೇ ಹಾಕಿದೆ, ಬೆಲ್ಲದ ಅಚ್ಚಿನಿಂದ ಒಂದು ದೊಡ್ಡ ತುಂಡು ಒಡೆದು ಸೇರಿಸಿದೆ. ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುವ ತನಕ ತಿರುಗಿಸಿದೆ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಅಪ್ಪನ ಹಾಗೆ ಕೂತು ಜಾರಿನಿಂದಲೇ ಬೆರಳಲ್ಲಿ ತೆಗೆದು ತಿಂದೆ. ಅಷ್ಟು ರುಚಿಯಾದ್ದನ್ನು ಆಮೇಲೆ ತಿಂದದ್ದು ಕಡಿಮೆ. ಹೊಟ್ಟೆ ತುಂಬಿದಾಗ ಜಾರಿನ ಗೋಡೆಗೆ, ಬ್ಲೇಡಿನ ಅಡಿಗೆ ಇನ್ನೂ ಸಾಕಷ್ಟು ಅಂಟಿತ್ತು. ಹಿತ್ತಲಲ್ಲಿ ಯಾರದೋ ಕೆಮ್ಮು ಕೇಳಿಸಿತು, ಅಜ್ಜಿಯೇ ಎಂದುಕೊಂಡೆ. ಜಾರಿಗೆ ನೀರು ಹಾಕಿ, ಮುಚ್ಚಳ ಹಿಡಿದು ಅಲ್ಲಾಡಿಸಿ, ಎದುರಿಗಿದ್ದ ಪಾತ್ರೆಗೆ ಸುರಿದೆ. ಎರಡನೆಯ ಸಲವೂ ತೊಳೆದು ಅದಕ್ಕೇ ಸುರಿದೆ. ಮುಚ್ಚಿಡಬೇಕು ಎಂದು ಮಾಡಿದ್ದಲ್ಲ. ಸುರಿದಾದ ಮೇಲೆಯೇ ಅದು ಸಾರಿನ ಪಾತ್ರೆಯಲ್ಲ, ಬೀಜದ ಪಾತ್ರೆ ಎಂದು ಹೊಳೆದದ್ದು. ಕೈಯಲ್ಲಿ ಕಲಕಿದೆ. ಬೀಜದ ಬಣ್ಣದಲ್ಲಿ ಬೆಲ್ಲದ ಬಣ್ಣ ಕಾಣಲಿಲ್ಲ.

ಸಂಜೆ ಮಂದೆಯ ಹತ್ತಿರದಿಂದ ಬಂದ ಅಜ್ಜಿ ಅದನ್ನು ಕುದಿಸಿ ಗಂಜಿ ಮಾಡಿದಳು. ಬೆಳಿಗ್ಗೆ ಬೀದಿಯಲ್ಲಿ ಹಾಸು ಕಟ್ಟಿದರು. ಅದು ದೇವರ ಗದ್ದುಗೆಗೆ ಹಾಸುವ ಕಂಬಳಿಯ ಹಾಸು, ದೀಪಾವಳಿಗೆ ಒಪ್ಪಿಸಬೇಕಾದದ್ದು. ಅದರ ಕರಿಯ ನೂಲನ್ನು ಅಜ್ಜಿ ಮಳೆಗಾಲವೆಲ್ಲ ಕೂತು ಸಣ್ಣಗೆ ತೆಗೆದಿದ್ದಳು. ಇನ್ನು ಇಷ್ಟು ಸಣ್ಣ ಎಳೆ ತನ್ನ ಕಣ್ಣಿಗೆ ಆಗುವುದಿಲ್ಲ ಎಂದೂ ಹೇಳಿದ್ದಳು. ಅಪ್ಪ ಒಂದು ಕಡೆ, ಅಜ್ಜಿ ಒಂದು ಕಡೆ ನಿಂತು ಗಂಜಿ ಬಳಿದರು. ಬಳಿದು ಮುಗಿಸಿ ಎಲ್ಲರೂ ಊಟಕ್ಕೆ ಒಳಗೆ ಬಂದೆವು. ಅವ್ವ ಬಡಿಸಿ, ಅಂಗನವಾಡಿಗೆ ಹೊರಡಲು ಸೀರೆ ಬದಲಾಯಿಸಿದ್ದಳು. ಅದೇ ಹೊತ್ತಿಗೆ ಚಿಕ್ಕಪ್ಪನ ಮಂದೆ ದಿನದ ಹಾಗೆ ಆ ಬೀದಿಯಲ್ಲಿ ಹಾದು ಮೇವಿಗೆ ಹೊರಟಿತು. ಕುರಿಗಳು ಹುಟ್ಟಿದಾಗಿನಿಂದ ಆ ಹಾಸುಗಳ ಪಕ್ಕದಲ್ಲೇ ಹೋಗಿ ಬಂದು ಮಾಡುತ್ತಿದ್ದವು, ಒಂದು ದಿನವೂ ಮೂತಿ ತಾಕಿಸಿದ್ದಿಲ್ಲ. ಅವತ್ತು ಮುಂದಿನ ಕುರಿ ನಿಂತಿತು, ಅದರ ಹಿಂದೆ ಎಲ್ಲವೂ ನಿಂತವು. ಚಿಕ್ಕಪ್ಪನ ಕೂಗು ಕೇಳಿ ನಾವು ಹೊರಗೆ ಬರುವಷ್ಟರಲ್ಲಿ ನೆಕ್ಕುವುದು ಮುಗಿದು ಜಗಿಯುವುದು ನಡೆದಿತ್ತು. ಗೂಟ ಕಿತ್ತು ಬಂದಿತ್ತು. ನೂಲೆಲ್ಲ ಕಾಲಡಿಗೆ ಬಿದ್ದು ಮಣ್ಣಲ್ಲಿ ಹೊರಳಿತ್ತು. ಒಂದು ಮರಿಯ ಬಾಯಿಂದ ಅಪ್ಪ ಮೊಳದುದ್ದ ಎಳೆ ಎಳೆದು ತೆಗೆದ.

ಅಜ್ಜಿ ಕೂಗಾಡಲಿಲ್ಲ. ಒಂದು ಹಿಡಿ ನೂಲು ಎತ್ತಿ ಮೂಗಿಗೆ ಹಿಡಿದಳು.

"ಬೆಲ್ಲ. ಶೇಂಗಾ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು, ಏಕೆಂದರೆ ನಿನ್ನೆ ಮನೆಯಲ್ಲಿದ್ದವಳು ನಾನು. "ಬೀಜ ರುಬ್ಬಿದ್ದು ಯಾರು?"

ಬೀದಿಯವರೆಲ್ಲ ನಿಂತಿದ್ದರು. ಅವ್ವ ಹೊಸಿಲ ಮೇಲೆ ನಿಂತಿದ್ದಳು.

"ಅವ್ವ," ಎಂದೆ.

ಅವ್ವ ನನ್ನನ್ನು ನೋಡಿದಳು. ಬಯ್ಯುವ ನೋಟವಲ್ಲ. ಏನು ಹೇಳಿದೆ ನೀನು, ಸರಿಯಾಗಿ ಕೇಳಿಸಲಿಲ್ಲ ಎನ್ನುವ ಹಾಗಿತ್ತು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಅದಕ್ಕೆ ಅಷ್ಟು ಜನರ ಮುಂದೆ ಮಗಳನ್ನು ಸುಳ್ಳುಗಾತಿ ಮಾಡಬೇಕಾಗುತ್ತಿತ್ತು, ಮಾಡಲಿಲ್ಲ. ನನಗೆ ಹೊಡೆತದ ಭಯವೂ ಅಂಥದ್ದೇನಿರಲಿಲ್ಲ. ಅಜ್ಜಿ ನನಗೆ ಎಂದೂ ಎರಡು ಏಟಿಗಿಂತ ಹೆಚ್ಚು ಕೊಟ್ಟವಳಲ್ಲ. ಎರಡು ಏಟು ಉಳಿಸಿಕೊಳ್ಳಲು ಹೇಳಿದ ಮಾತು ಅದು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

"ನಿನ್ ಕೈ ಇಲ್ಲೈತೆ, ಮನ್ಸು ಅಂಗನವಾಡೀಲಿ ಐತೆ," ಅಜ್ಜಿ ಅವ್ವನಿಗೆ ಹೇಳಿದಳು. "ಕಲ್ಲಲ್ಲಿ ರುಬ್ಬೋಳಿಗೆ ಕಲ್ಲಿನ ಮ್ಯಾಲೆ ಕಣ್ಣಿರ್ತತೆ. ಆ ಮಿಷಿನ್ನ ಅಟ್ಟಕ್ಕೆ ಹಾಕ್ರಿ."

"ಕುರಿ ಮೈ ಮೇಲಿಂದು ಕುರಿ ಬಾಯಿಗೆ ಹೋತು. ಹೋಗ್ಲಿ ಬಿಡವ್ವ," ಅಂದ ಅಪ್ಪ, ಅಜ್ಜಿಗೆ. ಒಂದು ವರ್ಷದಲ್ಲಿ ಅವನು ಆಡಿದ ಉದ್ದದ ಮಾತು ಅದೇ ಇರಬೇಕು. ಅಷ್ಟು ಹೇಳಿ ತಾನೇ ಏಣಿ ತಂದು ಮಿಕ್ಸಿಯನ್ನು ಅಟ್ಟಕ್ಕೆ ಏರಿಸಿದ.

ಅಂಗನವಾಡಿಗೆ ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗದ್ದುಗೆಯ ಕಂಬಳಿಗೆ ಸಿಕ್ಕಷ್ಟು ನೂಲು ತೊಳೆದು, ಬೇರೆ ನೂಲು ಸೇರಿಸಿ, ಮತ್ತೆ ಹಾಸು ಮಾಡಬೇಕಿತ್ತು, ಮತ್ತೆ ಗಂಜಿ ಬೇಕಿತ್ತು. ಅವ್ವ ಬೆಳಕು ಹರಿಯುವ ಮೊದಲೇ ಒರಳಿನ ಮುಂದೆ ಕೂರತೊಡಗಿದಳು. ಎಷ್ಟು ಬೇಗ ಎದ್ದರೂ ನೆನೆದ ಬೀಜ ಕಲ್ಲಿನಲ್ಲಿ ತನ್ನ ಹೊತ್ತನ್ನು ತೆಗೆದುಕೊಳ್ಳುತ್ತದೆ. ಒಂದು ದಿನ ಹತ್ತಕ್ಕೆ ಹೋದಳು, ಒಂದು ದಿನ ಹತ್ತೂವರೆಗೆ, ಎರಡು ದಿನ ಹೋಗಲೇ ಇಲ್ಲ. ನಾನು ಅವಳ ಎದುರಿಗೆ ಕೂತು ಒರಳಿಗೆ ಬೀಜ ತಳ್ಳುತ್ತಿದ್ದೆ. ನಾವಿಬ್ಬರೇ ಇರುತ್ತಿದ್ದೆವು, ಅವಳು ಆ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅತ್ತು ಎಲ್ಲರ ಮುಂದೆ ಹೇಳಿಬಿಡುತ್ತಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಅದೂ ಅವಳ ಮೇಲೇ ತಪ್ಪು ಹೊರಿಸುವ ಉಪಾಯ.

ದೀಪಾವಳಿಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಸಾವಿತ್ರಮ್ಮ ಟೀಚರು ಮನೆಗೆ ಬಂದರು. ಅವ್ವನ ಕೈ ಮೊಣಕೈ ತನಕ ಬೀಜದ ಹಿಟ್ಟಾಗಿತ್ತು.

"ಕುಂತ್ಕಳ್ರಿ ಟೀಚರ್," ಅಂದಳು, ಏಳಲು ಆಗದೆ.

"ಕುಂತ್ಕಳಕೆ ಬರ್ಲಿಲ್ಲ ಗಂಗಮ್ಮ. ನಾಳೆ ಹೆಸ್ರು ಬರ್ದು ಕಳಿಸ್ಬೇಕು. ಒಂಬತ್ತೂವರೆಗೆ ಬರಾಕೆ ಆಗ್ತತಾ ಇಲ್ವಾ, ಒಂದು ಮಾತು ಹೇಳಮ್ಮ."

ಅವ್ವ ಅಜ್ಜಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಒರಳನ್ನು ನೋಡಿದಳು. ನಾನು ಬೀಜದ ಬಟ್ಟಲು ಹಿಡಿದು ಕೂತಿದ್ದೆ. ಹೇಳಬೇಕಾದ್ದು ನಾಲಿಗೆಯ ಮೇಲೇ ಇತ್ತು. ನೀರು ತರುತ್ತೇನೆ ಎಂದು ಎದ್ದು ಒಳಗೆ ಹೋದೆ. ಲೋಟ ತೊಳೆದೆ, ಮತ್ತೊಮ್ಮೆ ತೊಳೆದೆ. ತರುವಷ್ಟರಲ್ಲಿ ಟೀಚರು ಹೋಗಿಯಾಗಿತ್ತು.

ನಾನು ಬಾಯಿ ಬಿಟ್ಟದ್ದು ಹಬ್ಬ ಮುಗಿದ ಮೇಲೆ, ಹೊಸ ಸಹಾಯಕಿ ನಮ್ಮ ಮನೆ ಮುಂದೆ ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ನೋಡಿದ ದಿನ. ಅಜ್ಜಿ ಜಗಲಿಯಲ್ಲಿ ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದಳು.

"ಅಜ್ಜಿ, ಅವತ್ತು ಬೀಜ ರುಬ್ಬಿದ್ದು ಅವ್ವ ಅಲ್ಲ. ನಾನು. ಶೇಂಗಾ ಬೆಲ್ಲ ತಿಂದಿದ್ದೂ ನಾನೇ."

ಅಜ್ಜಿಯ ಕೈ ನಿಲ್ಲಲಿಲ್ಲ.

"ಜಾರು ತೊಳೀಲಿಲ್ವಾ?"

"ತೊಳ್ದೆ. ಆ ನೀರು ಬೀಜದ ಪಾತ್ರೆಗೆ ಹಾಕ್ದೆ."

"ಅದ್ಕೆ ಯಾಕೆ ಹಾಕ್ದೆ?"

"ಚೆಲ್ಲಬಾರ್ದು ಅಂತ ನೀನೇ ಹೇಳಿದ್ಯಲ್ಲ."

ಆಗ ಕೈ ನಿಂತಿತು. ಏಟು ಬೀಳುತ್ತದೆ ಎಂದು ಕಾದೆ, ಬೀಳಲಿಲ್ಲ. ಅಜ್ಜಿ ಮಡಿಲಲ್ಲಿದ್ದ ಉಣ್ಣೆಯನ್ನು ಬುಟ್ಟಿಗೆ ಹಾಕಿ, ಮೊಣಕಾಲು ಹಿಡಿದು ಎದ್ದು, ಪಡಸಾಲೆಗೆ ಹೋಗಿ ಅಪ್ಪನಿಗೆ ಹೇಳಿ ಮಿಕ್ಸಿಯನ್ನು ಅಟ್ಟದಿಂದ ಇಳಿಸಿಕೊಂಡಳು. ಅದರ ಮೇಲಿನ ದೂಳನ್ನು ತನ್ನ ಸೆರಗಿನಲ್ಲೇ ಒರೆಸಿದಳು. ಅವ್ವ ಹಿತ್ತಲಿಂದ ನೀರಿನ ಕೊಡ ಹೊತ್ತು ಬಂದವಳು ಅದನ್ನು ನೋಡಿ ನಿಂತಳು.

"ನಾಳೆಯಿಂದ ನೀನು ಹೋಗಮ್ಮ," ಅಂದಳು ಅಜ್ಜಿ. ಅವ್ವನನ್ನು ಅವಳು ಅಮ್ಮ ಸೇರಿಸಿ ಕರೆದದ್ದು ನಾನು ಕೇಳಿದ್ದು ಅದೊಂದೇ ಸಲ.

"ಎಲ್ಲಿಗೆ ಅತ್ತೆ?" ಕೇಳಿದಳು ಅವ್ವ.

ಅದರಲ್ಲಿ ಕೊಂಕು ಇರಲಿಲ್ಲ. ಎಲ್ಲಿಗೆ ಎಂದು ನಿಜವಾಗಿ ಕೇಳಿದ್ದಳು. ಅಜ್ಜಿ ಮಿಕ್ಸಿಯನ್ನು ಸೆರಗಿನಲ್ಲಿ ಇನ್ನೊಮ್ಮೆ ಒರೆಸಿದಳು. ಅವ್ವ ಕೊಡ ಇಳಿಸಲು ಒಳಗೆ ಹೋದಳು.

ಅದು ಆರರ ಕರೆಂಟಿನ ವಾರ. ಮರುದಿನ ಅವ್ವ ಚಟ್ನಿ ರುಬ್ಬಿದಳು, ಖಾರ ರುಬ್ಬಿದಳು, ದೊಡ್ಡ ಜಾರಿನಲ್ಲಿ ಬೀಜ ರುಬ್ಬಿದಳು. ಒಂಬತ್ತು ಹೊಡೆಯುವ ಮೊದಲೇ ಎಲ್ಲ ಮುಗಿದಿತ್ತು. ಕೈ ತೊಳೆದು, ತಲೆ ಬಾಚಿಕೊಂಡು ಬಂದು ಜಗಲಿಯ ಮೇಲೆ ಕೂತಳು. ಬೀದಿಯಲ್ಲಿ ಅಂಗನವಾಡಿಯ ಮಕ್ಕಳು ತಟ್ಟೆ ಹಿಡಿದುಕೊಂಡು ಹೊಸ ಸಹಾಯಕಿಯ ಹಿಂದೆ ಹೋಗುತ್ತಿದ್ದರು. ಮೂರು ವರ್ಷದ ಒಂದು ಹುಡುಗಿ ಸಾಲು ಬಿಟ್ಟು ಬಂದು, ಕೆಲವು ವಾರ ಅಭ್ಯಾಸವಾಗಿದ್ದಂತೆ, ಅವ್ವನ ಬೆರಳು ಹಿಡಿದು ಎಳೆಯಿತು. ಅವ್ವ ಎದ್ದಳು. ಬೀದಿಯ ತಿರುವಿನ ತನಕ ಅದರ ಜೊತೆ ಹೋಗಿ, ಬೆರಳು ಬಿಡಿಸಿಕೊಂಡು, ಸಹಾಯಕಿಯ ಕೈಗೆ ಕೊಟ್ಟು ಬಂದಳು.

"ಇನ್ನೇನಾದ್ರೂ ರುಬ್ಬಾದು ಐತೇನೇ?" ನನ್ನನ್ನು ಕೇಳಿದಳು.

ಏನೂ ಇರಲಿಲ್ಲ.